ನೀಲಿ ಸೀಮೆಸುಣ್ಣ, ಕೊನೆಯ ಅರ್ಧ ಬೈಟು

ಬೆಳಿಗ್ಗೆ ನಲ್ಲಿ ನೀರು ಬಂತು, ಎರಡು ಡ್ರಮ್ ತುಂಬಿಸಿದೆ. ಅವರೆಕಾಯಿ ಸುಲಿದೆ. ಪೇಟೆಗೆ ಹೋಗಿ ಮಿಕ್ಸಿ ಜಾರಿನ ರಬ್ಬರು ತಂದೆ. ಗ್ಯಾಸ್ ಪುಸ್ತಕ ಹುಡುಕಲು ಮೇಜಿನ ಡ್ರಾಯರ್ ಎಳೆದಾಗ ನೀಲಿ ಸೀಮೆಸುಣ್ಣದ ತುಂಡೊಂದು ಉರುಳಿಬಂತು.

ತೆರಕಣಾಂಬಿಯ ಬಾವಿ ಅಳೆಯುವ ಅಣ್ಣ ಬಿಟ್ಟುಹೋದದ್ದು. ತಿಂಗಳಿಗೊಮ್ಮೆ ಅವರು ಟೇಪಿನ ತುದಿಗೆ ಸೀಮೆಸುಣ್ಣ ಉಜ್ಜಿ ಬಾವಿಗೆ ಇಳಿಬಿಡುತ್ತಿದ್ದರು. ಎಲ್ಲಿಯವರೆಗೆ ನೆಂದಿದೆಯೋ ಅಲ್ಲಿಗೆ ನೀರು. ಹೋದ ತಿಂಗಳಿಗಿಂತ ಏರಿದ್ದರೆ ಕೂಡುವ ಗುರುತು, ಇಳಿದಿದ್ದರೆ ಕಳೆಯುವ ಗುರುತು. "ಬಾವಿಗೆ ಜ್ವರ ನೋಡ್ಕಂಡ್ ಬಂದೆ ಕಣವ್ವ" ಎನ್ನುತ್ತ ಚಾಮರಾಜನಗರದ ನಮ್ಮ ಅಂತರ್ಜಲ ಆಫೀಸಿಗೆ ಲೆಕ್ಕ ಒಪ್ಪಿಸಲು ಬರುತ್ತಿದ್ದರು.

ಆ ವರ್ಷ, ಬಾವಿಗಳ ಲೆಕ್ಕವೆಲ್ಲ ಇದ್ದ ಹಳೆಯ ಮೇನ್‌ಫ್ರೇಮ್ ಕಂಪ್ಯೂಟರಿನ ಫೈಲುಗಳನ್ನು ಜಾವಾ ಪ್ರೋಗ್ರಾಮು ಬರೆದು ಬಿಡಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅದರಲ್ಲಿ ಒಂದೊಂದು ಬೈಟಿಗೆ ಎರಡೆರಡು ಅಂಕಿ, ಡಬ್ಬಿಯಲ್ಲಿ ಹಪ್ಪಳ ಒತ್ತೊತ್ತಾಗಿ ಜೋಡಿಸಿದ ಹಾಗೆ. ಪ್ರತಿ ಸಂಖ್ಯೆಯ ಕೊನೆಯ ಅರ್ಧ ಬೈಟಿನಲ್ಲಿ ಮಾತ್ರ ಅಂಕಿಯಿಲ್ಲ. ಅಲ್ಲಿ ಸಿ ಇದ್ದರೆ ಕೂಡು, ಡಿ ಇದ್ದರೆ ಕಳೆ. ನಾನು ಆ ಅರ್ಧವನ್ನು ಕಸ ಅಂದುಕೊಂಡು ಕತ್ತರಿಸಿಬಿಟ್ಟಿದ್ದೆ…

ಮೊದಲು ಬಿಡಿಸಿದ್ದು ಅಣ್ಣನ ಬಾವಿಗಳ ಫೈಲು. ಕಳೆಯುವ ಗುರುತು ಹೋಗಿ, ಹೊಸ ಪಟ್ಟಿಯಲ್ಲಿ ಅವರ ಬಾವಿಗಳೆಲ್ಲ ಬೇಸಿಗೆಯಲ್ಲೂ ಏರುತ್ತಲೇ ಇದ್ದವು. ಅವರು ಕೈಯಾರೆ ಬರೆದ ಪುಸ್ತಕಗಳನ್ನು ಗೆದ್ದಲು ತಿಂದಿತ್ತು.

"ಏನಯ್ಯಾ, ಬಿರುಬೇಸಿಗೇಲಿ ನಿಮ್ಮೂರ ಬಾವಿ ಉಕ್ಕುತ್ತಾ? ಮನೇಲಿ ಕೂತು ಗೀಚಿದ್ದೀಯ. ಇನ್ನು ಬರಬೇಡ" ಎಂದರು ಸಾಹೇಬರು.

"ಇಲ್ಲ ಸಾ, ಸುಣ್ಣ ಎಲ್ಲಿಗಂಟ ನೆಂದದೋ ಅಷ್ಟೇಯ ಬರ್ದಿವ್ನಿ." ಅಣ್ಣ ನನ್ನ ಕಡೆ ತಿರುಗಿದರು. "ನೀನಾರ ಯೋಳವ್ವ."

"ಕಂಪ್ಯೂಟರಿನಲ್ಲಿ ಇರೋದೇ ಹಿಂಗಣ್ಣ" ಅಂದೆ.

ಜೇಬಿನ ಸೀಮೆಸುಣ್ಣ ತೆಗೆದು ನನ್ನ ಮೇಜಿನ ಮೇಲಿಟ್ಟು ಹೊರಟರು.

ನನ್ನ ತಪ್ಪು ನನಗೆ ಕಂಡದ್ದು ಹದಿನೈದು ದಿನದ ಮೇಲೆ. ಪ್ರೋಗ್ರಾಮಿಗೆ ಎರಡು ಸಾಲು ಸೇರಿಸಿದೆ. ಬಾವಿಗಳೆಲ್ಲ ಬೇಸಿಗೆಗೆ ತಕ್ಕಂತೆ ಇಳಿದವು. ಸಾಹೇಬರಿಗೆ ಹೇಳಿದೆ. "ಸರಿಹೋಯ್ತಲ್ಲ, ಬಿಡಿ" ಅಂದರು. ಅಣ್ಣನಿಗೆ ಯಾರಾದರೂ ತಿಳಿಸುತ್ತಾರೆ ಅಂದುಕೊಂಡೆ… ತೆರಕಣಾಂಬಿ ಮೇಲೆ ಹೋಗುವ ಗುಂಡ್ಲುಪೇಟೆ ಬಸ್ಸು ದಿನವೂ ನಮ್ಮ ಬೀದಿಯ ತುದಿಯಲ್ಲೇ ನಿಲ್ಲುತ್ತಿತ್ತು. ಇವತ್ತು, ನಾಳೆ ಅನ್ನುತ್ತ ಒಂದು ಮಳೆಗಾಲ ಕಳೆದೇ ಹೋಯಿತು.

ಕೊನೆಗೆ ತಿದ್ದಿದ ಪಟ್ಟಿ ಹಿಡಿದು ಹೋದೆ. ಅವರ ಹೆಂಡತಿ ಜಗಲಿಯಲ್ಲಿ ರಾಗಿ ಹಸನು ಮಾಡುತ್ತಿದ್ದರು. ಅಣ್ಣ ತೀರಿಕೊಂಡು ಎರಡು ತಿಂಗಳಾಗಿತ್ತು.

"'ನನ್ನ ಸುಳ್ಳ ಅಂದ್ಬುಟ್ರು ಕಣೆ' ಅಂತ ಅದ್ನೇ ಅನ್ನೋರು. ಒಸಿ ಮೊದ್ಲೇ ಬರ್ಬಾರ್ದಾಗಿತ್ತೇನವ್ವ?"

ಬೈಯಲಿಲ್ಲ. ಓದಲು ಬಾರದ ಆ ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ದೇವರ ಗೂಡಿನಲ್ಲಿಟ್ಟರು. ನನಗೆ ಒಂದು ಲೋಟ ಮಜ್ಜಿಗೆ ಕೊಟ್ಟರು.

ಸೀಮೆಸುಣ್ಣವನ್ನು ಮತ್ತೆ ಡ್ರಾಯರಿಗೇ ಹಾಕಿದೆ. ಕೈ ತೊಳೆದರೂ ಉಗುರಿನ ಸಂದಿಯಲ್ಲಿ ನೀಲಿ ಉಳಿದಿದೆ. ಗ್ಯಾಸ್ ಪುಸ್ತಕ ಸಿಗಲಿಲ್ಲ. ಮುದ್ದೆ, ಅವರೆಕಾಳು ಸಾರು, ಒಬ್ಬಳೇ ಉಂಡೆ. ಬೆಕ್ಕು ಮೊದಲು ಮಲಗಿತು.