ಕಮಲಾಪುರದ ಗಾಳಿ ಮತ್ತು ಅಶ್ರುವಾಯು

ಪೊಲೀಸ್ ಇಲಾಖೆಗೆ ಸೇರಿ ನಾನು ಮೊದಲು ಕಲಿತ ವಿದ್ಯೆ ಗಲಾಟೆ ಮಾಡುವುದು. ಸುಳ್ಳಲ್ಲ. ತೊಂಬತ್ತರ ದಶಕದ ಆರಂಭ. ಕಲಬುರಗಿಯ ಮೈದಾನದಲ್ಲಿ ಲಾಠಿ, ಗುರಾಣಿ, ಅಶ್ರುವಾಯು ಇವುಗಳ ಅಭ್ಯಾಸ ನಡೆಯುವಾಗ ಚದುರಿಸುವುದಕ್ಕೊಂದು ಗುಂಪು ಬೇಕಲ್ಲ? ಆ ಗುಂಪೇ ನಾವು, ಹನ್ನೊಂದು ಜನ ಮಹಿಳಾ ಕಾನ್‌ಸ್ಟೆಬಲ್‌ಗಳು. ಗಂಡಸರು ಸಮವಸ್ತ್ರದಲ್ಲಿ ಸಾಲಾಗಿ ನಿಲ್ಲುತ್ತಿದ್ದರು. ನಾವು ಮಫ್ತಿಯಲ್ಲಿ, ಅಂದರೆ ಮನೆಯ ಸೀರೆ ಉಟ್ಟು, ಅವರೆದುರು ನಿಂತು ಗಂಟಲು ಹರಿಯುವಂತೆ ಕೂಗಬೇಕಿತ್ತು. ಇದಕ್ಕೆ ಮಾಬ್ ಡ್ರಿಲ್ ಎಂದು ಹೆಸರು.

ಏನು ಕೂಗಬೇಕೆಂದು ಯಾರೂ ಬರೆದುಕೊಟ್ಟಿರಲಿಲ್ಲ. ನಮ್ಮ ಸುಖವೆಲ್ಲ ಅದರಲ್ಲೇ ಇತ್ತು. "ಉಪ್ಪಿಟ್ಟಿನಾಗ ಹರಳು ಅದಾವ!" ಎಂದು ಒಬ್ಬಳು ಕೂಗಿದರೆ, "ಸಾಹೇಬರ ಹೊಟ್ಟಿ ಕರಗಲಿ!" ಎಂದು ಇನ್ನೊಬ್ಬಳು. ಬೇರೆ ದಿನ ಹೀಗೆ ಬಾಯಿ ಬಿಟ್ಟಿದ್ದರೆ ಅಮಾನತು ಖಚಿತ. ಡ್ರಿಲ್ ದಿನ ಮಾತ್ರ, "ಛಲೋ ಒದರ್ತಾವ ಹುಡುಗ್ಯಾರು," ಎಂದು ಅದೇ ಸಾಹೇಬರು ಮೆಚ್ಚುತ್ತಿದ್ದರು.

ಆದರೆ ನನಗೆ ಕೂಗುವ ಕೆಲಸ ಸಾಕಾಗಿತ್ತು. ಅಶ್ರುವಾಯುವಿನ ಡಬ್ಬಿಯನ್ನು ನಾವೆಲ್ಲ ಶೆಲ್ ಎನ್ನುತ್ತಿದ್ದೆವು. ಆ ಶೆಲ್ ಎಸೆಯುವ ದಳಕ್ಕೆ ಸೇರಬೇಕೆಂಬುದು ನನ್ನ ಹಟ. ಎಸೆತ ನನಗೇನು ಹೊಸದೆ? ಚಿಕ್ಕಂದಿನಲ್ಲಿ ಜೋಳದ ಹೊಲದಲ್ಲಿ ಹಕ್ಕಿ ಕಾಯುತ್ತ ಮಣ್ಣಿನ ಹೆಂಟೆ ಎಸೆದು ಎಸೆದು ತೋಳು ಪಳಗಿತ್ತು. ನಮ್ಮ ಸಾಹೇಬರು ಒಪ್ಪಲಿಲ್ಲ. ಹೆಂಗಸರಿಗೆ ಮಾಬ್ ಸಾಕು ಎಂದುಬಿಟ್ಟರು. ನಮಗೆ ಡ್ರಿಲ್ ಕಲಿಸುತ್ತಿದ್ದವರು ಮೋಮಿನಪುರದ ಒಬ್ಬ ಹಿರಿಯ ಹೆಡ್ ಕಾನ್‌ಸ್ಟೆಬಲ್. ಅವರನ್ನು ಎಲ್ಲರೂ ಉಸ್ತಾದ್ ಎಂದೇ ಕರೆಯುತ್ತಿದ್ದರು. ಅವರು ಮಾತ್ರ ನನಗೆ ಖಾಲಿ ಡಬ್ಬಿಗೆ ಮರಳು ತುಂಬಿ ಕೊಟ್ಟು, "ಒಗೀತಾ ಇರು ಬೇಟಾ, ದಿನಾ ಒಂದೇ ಥರಾ ಇರಂಗಿಲ್ಲ," ಎನ್ನುತ್ತಿದ್ದರು.

ನನ್ನವ್ವನದು ಬೇರೆಯದೇ ತಕರಾರು. ಕಮಲಾಪುರದಲ್ಲಿ ಅವಳು ಕೂಲಿ ಮಾಡಿ ನನ್ನನ್ನು ಓದಿಸಿದವಳು. ದಳದ ವಿಷಯ ಹೇಳಿದಾಗ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು: "ಮಂದಿ ಕಣ್ಣಾಗ ನೀರ ತರಸಾಕ ನಿನ್ನ ಓದಿಸಿದ್ನೇನವ್ವಾ?"

ಗುಂಡು ಹಾರಿಸುವುದಕ್ಕಿಂತ ಕಣ್ಣೀರು ತರಿಸುವುದು ಮೇಲಲ್ಲವೇ, ಜನ ಮನೆಗಾದರೂ ಜೀವಂತ ಹೋಗುತ್ತಾರೆ ಎಂದೆ. ಅವ್ವ ಮತ್ತೆ ರೊಟ್ಟಿ ಬಡಿಯತೊಡಗಿದಳು. ಮೊದಲಿಗಿಂತ ಜೋರಾಗಿ.

ಅಷ್ಟರಲ್ಲಿ ಬೆಂಗಳೂರಿನಿಂದ ಒಬ್ಬ ತಜ್ಞ ಅಧಿಕಾರಿ ಬರುತ್ತಾರೆಂಬ ಸುದ್ದಿ ಬಂತು. ಹೊಸ ಶೆಲ್‌ಗಳ ಹೊಗೆ ಎಷ್ಟು ದೂರ ಹೋಗುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಅವರು ಪರೀಕ್ಷಿಸಬೇಕು, ಹಾಗೆಯೇ ದಳಕ್ಕೆ ಯಾರು ಯೋಗ್ಯರೆಂದು ಸಹಿ ಹಾಕಬೇಕು. ಊರೊಳಗೆ ಹೊಗೆ ಬಿಡುವಂತಿಲ್ಲವಾದ್ದರಿಂದ ಕಮಲಾಪುರದ ಹೊರಗಿನ ಬಯಲು ಗೊತ್ತಾಯಿತು. ನಮ್ಮನ್ನೂ ಲಾರಿಯಲ್ಲಿ ಹೇರಿಕೊಂಡು ಹೋದರು, ಮಾಬ್ ಎಂದು.

ಸುಗ್ಗಿಯ ಕಾಲ. ಬೆಳಗಿನ ಗಾಳಿ ಮೂಡಣದಿಂದ ತಣ್ಣಗೆ ಬೀಸುತ್ತಿತ್ತು. ಅದನ್ನು ನೋಡಿಯೇ ಮೂಡಣಕ್ಕೆ ಶಾಮಿಯಾನ ಹಾಕಿ, ಸಾಹೇಬರಿಗೆಲ್ಲ ಕುರ್ಚಿ, ಚಹಾ, ಊರಿನ ಕೆಂಪು ಬಾಳೆಹಣ್ಣು ಇಟ್ಟಿದ್ದರು. ಶಾಮಿಯಾನದ ಮುಂದೆ ದಳದವರು, ಅವರೆದುರು ದೂರದಲ್ಲಿ ನಾವು. ನಮ್ಮ ಬೆನ್ನಿಗೆ, ಹಳ್ಳದಾಚೆ, ಜೋಳದ ಕಣಗಳು. ಅಲ್ಲಿ ಹೆಣ್ಣುಮಕ್ಕಳು ಎತ್ತರದ ಮಣೆ ಹತ್ತಿ ಮೊರದಿಂದ ಜೋಳ ತೂರುತ್ತಿದ್ದರು. ಅವರಲ್ಲಿ ಹಸಿರು ಸೀರೆಯವಳು ನನ್ನವ್ವ.

ಡ್ರಿಲ್ ಶುರುವಾಯಿತು. ಮಾಬಿನವರು ಕಲ್ಲು ಎಸೆಯಬಾರದೆಂಬ ಆದೇಶವಿತ್ತು. ಬಾಳೆಹಣ್ಣಿನ ಸಿಪ್ಪೆಯ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ. ಬೆಳಿಗ್ಗೆ ನಮಗೂ ಒಂದೊಂದು ಹಣ್ಣು ಹಂಚಿದ್ದರು; ನಾವು ಅದರ ಸಿಪ್ಪೆ ಬೀಸಿ, "ನಮಗೂ ಶೆಲ್ ಕೊಡ್ರಿ!" ಎಂದು ಕೂಗಿದೆವು. ಮೊದಲ ಒಗೆತ ಅರ್ಧ ದಾರಿಯಲ್ಲೇ ಬಿತ್ತು. ಎಸೆದವನು ಶೆಲ್ ಭಾರವಿದೆ ಎಂದ. ಕುಣಿಯಲಾರದವರಿಗೆ ನೆಲ ಡೊಂಕು! ನನ್ನ ಕೈ ತುರಿಸತೊಡಗಿತು.

ಸಿಟ್ಟಿಗೆ ಅತ್ತ ಮುಖ ತಿರುಗಿಸಿ ಅವ್ವನ ಕಡೆ ನೋಡಿದೆ. ಅವ್ವ ತೂರುವುದನ್ನು ನಿಲ್ಲಿಸಿ ಮಣೆಯಿಂದ ಇಳಿದಿದ್ದಳು. ಪಕ್ಕದ ಕಣದವಳೂ ಇಳಿದಳು. ಎಲ್ಲರೂ ಮಣೆಗಳನ್ನೆತ್ತಿ ರಾಶಿಯ ಆಚೆ ಮಗ್ಗುಲಿಗೆ ಇಟ್ಟು, ನಮ್ಮ ಕಡೆ ಮುಖ ಮಾಡಿ ನಿಂತರು. ಕಣ ಮಾಡಿದವರಿಗೆ ಇದರ ಅರ್ಥ ಹೇಳಬೇಕಾಗಿಲ್ಲ: ತೂರುವವರು ಗಾಳಿಗೆ ಬೆನ್ನು ಕೊಟ್ಟೇ ನಿಲ್ಲುವುದು. ಪಡುವಣ ಗಾಳಿ ಅಲ್ಲಿಗೆ ಬಂದಿತ್ತು. ಇನ್ನು ನಮ್ಮನ್ನು ದಾಟಿ ನೇರ ಶಾಮಿಯಾನಕ್ಕೆ.

"ಒಗೀಬ್ಯಾಡ್ರೀ! ಗಾಳಿ ತಿರಗತದ!" ಎಂದು ಕೂಗಿದೆ.

ನನ್ನ ಗೆಳತಿಯರಿಗೆ ಇದು ಹೊಸ ಘೋಷಣೆಯಾಗಿ ಕೇಳಿಸಿತು. ಹನ್ನೊಂದೂ ಗಂಟಲುಗಳು ಒಂದಾದವು. "ಗಾಳಿ ತಿರಗತದ! ಗಾಳಿ ತಿರಗತದ!" ನಾನು ಎರಡೂ ಕೈ ಬೀಸಿ ಬೇಡವೆಂದೆ, ಅವರೂ ಹಾಗೆಯೇ ಕೈ ಬೀಸಿದರು. ಶಾಮಿಯಾನದಲ್ಲಿ ನಮ್ಮ ಸಾಹೇಬರು ತಜ್ಞರ ಕಡೆ ಬಾಗಿ ಹೆಮ್ಮೆಯಿಂದ ಏನೋ ಹೇಳುತ್ತಿದ್ದರು. ಮಾಬ್ ಅಂದರೆ ಹೀಗಿರಬೇಕು ಎಂದೇ ಹೇಳಿದರೆಂದು ಆಮೇಲೆ ತಿಳಿಯಿತು. ಉಸ್ತಾದ್ ಒಬ್ಬರೇ ಹಳ್ಳದಾಚೆ ಕಣ್ಣು ಹಾಯಿಸಿ, ಜೇಬಿನಿಂದ ಕರವಸ್ತ್ರ ತೆಗೆದು ತಂಬಿಗೆಯ ನೀರಿನಲ್ಲಿ ಅದ್ದಿಕೊಂಡರು.

ಸೀಟಿ ಊದಿದರು. ಮೂರು ಶೆಲ್ ಒಟ್ಟಿಗೆ ಬಂದು ಬಿದ್ದವು. ಹೊಗೆ ಎದ್ದು ನಮ್ಮ ಕಡೆ ನಾಲ್ಕು ಹೆಜ್ಜೆ ಇಟ್ಟಿತು, ಆಮೇಲೆ ಮನಸ್ಸು ಬದಲಿಸಿ ಹಿಂದಕ್ಕೆ ಹೊರಟಿತು. ದಳ ಚದುರಿತು. ಶಾಮಿಯಾನ ಕೆಮ್ಮತೊಡಗಿತು. ಚಹಾ ಕಪ್ಪು, ಟೊಪ್ಪಿಗೆ, ಬಾಳೆಹಣ್ಣು ಎಲ್ಲ ನೆಲದ ಮೇಲೆ. ನಾವು ಮಾಬಿನವರು ಸೆರಗು ಒದ್ದೆ ಮಾಡಿ ಮೂಗಿಗೆ ಹಿಡಿದು ಓಡಿ, ಒಬ್ಬೊಬ್ಬರು ಒಬ್ಬೊಬ್ಬ ಸಾಹೇಬರ ಕೈ ಹಿಡಿದೆವು.

"ಕಣ್ಣು ತಿಕ್ಕಬ್ಯಾಡ್ರಿ ಸರ! ಗಾಳಿಗೆ ಮಾರಿ ಕೊಡ್ರಿ!" ಎನ್ನುತ್ತ ಅಡ್ಡಕ್ಕೆ ಎಳೆದುಕೊಂಡು ಹೋದೆವು. ನನ್ನ ಕೈಗೆ ಸಿಕ್ಕವರು ಆ ತಜ್ಞರೇ. ನನಗೆ ನಗು ತಡೆಯಲಾಗಲಿಲ್ಲ. ಇವತ್ತಿಗೂ ಅದಕ್ಕೆ ಪಶ್ಚಾತ್ತಾಪವಿಲ್ಲ.

ಮುಖ ತೊಳೆದುಕೊಂಡ ಮೇಲೆ ಅವರು ಕೇಳಿದರು: "ಗಾಳಿ ತಿರುಗುತ್ತೆ ಅಂತ ಮೊದಲು ಕೂಗಿದ್ದು ಯಾರು?"

ನಮ್ಮ ಸಾಹೇಬರು ಕಣ್ಣು ಬಿಡಲಾರದೆ ನಿಂತಿದ್ದರು. ಉಸ್ತಾದ್ ನನ್ನನ್ನು ಮುಂದೆ ತಂದರು. "ಇವಳೇ ಸಾಬ್. ಮೂರು ತಿಂಗಳಿಂದ ಶೆಲ್ ಕೇಳಾಕತ್ತಾಳ."

"ನಿನಗೆ ಹೇಗಮ್ಮ ಗೊತ್ತಾಯ್ತು?"

ಕಣದ ಕಡೆ ಕೈ ತೋರಿಸಿದೆ. "ಆ ಹೆಣ್ಮಕ್ಕಳು ಮಣಿ ತಿರುಗಿಸಿ ಇಟ್ರು ಸರ. ಗಾಳಿ ಬರೂದು ಅವರಿಗೆ ಮೊದಲ ತಿಳೀತದ."

ಅವರು ಕಣದ ಕಡೆ ತಿರುಗಿ ನೋಡಿದರು. ಆಮೇಲೆ ಒಂದು ಶೆಲ್ ತರಿಸಿ ನನ್ನ ಕೈಗಿತ್ತರು. ನಾನು ಒಣ ಮಣ್ಣು ಹಿಡಿ ತುಂಬ ಎತ್ತಿ ಬಿಟ್ಟು ನೋಡಿ, ಜಾಗ ಬದಲಿಸಿ, ಗುರುತಿನ ಕಲ್ಲಿನಾಚೆಗೆ ಎಸೆದೆ. ಹೊಗೆ ಖಾಲಿ ಬಯಲಿನತ್ತ ಹೋಯಿತು. ಅವರು ಅಲ್ಲಿಯೇ, ಜೀಪಿನ ಬೊನೆಟ್ಟಿನ ಮೇಲೆ ಕಾಗದವಿಟ್ಟು, ದಳದ ಪಟ್ಟಿಯಲ್ಲಿ ನನ್ನ ಹೆಸರು ಸೇರಿಸಿ ಸಹಿ ಹಾಕಿದರು. ಜಗತ್ತೇ ನನ್ನದೆನ್ನಿಸಿತು.

ಲಾರಿ ಹೊರಡಲು ಇನ್ನೂ ಸಮಯವಿತ್ತು. ಸೀರೆ ಎತ್ತಿ ಕಟ್ಟಿ ಹಳ್ಳ ದಾಟಿ ಕಣಕ್ಕೆ ಓಡಿದೆ.

ಅವ್ವ ಮಣೆಯ ಮೇಲಿಂದಲೇ ಕೇಳಿದಳು: "ಸಿಕ್ತೇನ?"

"ಸಿಕ್ತವ್ವಾ."

ಅವಳ ಮುಖ ಅರಳಲಿಲ್ಲ. "ಮತ್ತ, ಇವತ್ತ ಯಾರನ್ನ ಅಳಿಸಿ ಬಂದಿ?"

"ಸಾಹೇಬರನ್ನ."

"ಯಾವ ಸಾಹೇಬರನ್ನ?"

"ಎಲ್ಲಾರನ್ನೂ."

ಅವ್ವ ನಗಲು ಶುರುಮಾಡಿದಳು. ಎಷ್ಟು ನಕ್ಕಳೆಂದರೆ ಕೈಯಲ್ಲಿದ್ದ ಮೊರ ವಾಲಿ ಜೋಳವೆಲ್ಲ ನನ್ನ ತಲೆಯ ಮೇಲೆ ಸುರಿಯಿತು. ಸೆರಗಿನಿಂದ ಕಣ್ಣೊರೆಸಿಕೊಂಡು, "ಹಂಗಾದ್ರ ಮಾಡವ್ವಾ ನೌಕರಿ," ಎಂದಳು.

ಲಾರಿಯ ಹಾರ್ನ್ ಕೇಳುವವರೆಗೆ ಅವಳಿಗೆ ಮೊರ ತುಂಬಿಕೊಡುತ್ತ ನಿಂತೆ. ತಲೆಯಲ್ಲಿ ಉಳಿದಿದ್ದ ಜೋಳವನ್ನು ಕಲಬುರಗಿಗೆ ಬಂದ ಮೇಲೆ ಕೊಡವಿಕೊಂಡೆ.