ಟಿನ್ನಿಂಗ್ ಅಂದರೆ ಬಿಸ್ಕೀಟು

ರಸಾಯನಶಾಸ್ತ್ರವನ್ನು ನಾನು ಓದಲಿಲ್ಲ, ನುಂಗಿದೆ. ಹತ್ತನೆಯ ತರಗತಿಯವರೆಗೆ ಲಕ್ಷ್ಮೇಶ್ವರದಲ್ಲಿ ಕನ್ನಡದಲ್ಲಿ ಕಲಿತು, ಪಿಯುಸಿ ವಿಜ್ಞಾನಕ್ಕೆಂದು ಗದಗಿನ ಕಾಲೇಜು ಸೇರಿದವಳಿಗೆ ಬೇರೆ ದಾರಿಯಾದರೂ ಏನಿತ್ತು? ಅಲ್ಲಿ ಎಲ್ಲವೂ ಇಂಗ್ಲಿಷು. ತಿಳಿಯದ್ದನ್ನು ಅಗಿಯುತ್ತ ಕೂತರೆ ಹಲ್ಲು ನೋಯುತ್ತದೆ, ನುಂಗಿಬಿಟ್ಟರೆ ಕೆಲಸ ಮುಗಿಯಿತು.

ನುಂಗುವ ಜಾಗ ಬಸ್ಸು. ಹೋಗುವಾಗ ಒಂದು ಪಾಠ, ಬರುವಾಗ ಅದೇ ಪಾಠ. ನನ್ನ ಬಾಯಿಪಾಠಕ್ಕೆ ಒಂದೇ ದೋಷವಿತ್ತು: ನಡುವೆ ಯಾರಾದರೂ ಮಾತನಾಡಿಸಿದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಕಂಡಕ್ಟರ್ ಪಾಸ್ ಕೇಳಿದ್ದಕ್ಕೆ, ಕಿಟಕಿಯಲ್ಲಿ ಕೂತ ಅಜ್ಜಿ ಊರು ಕೇಳಿದ್ದಕ್ಕೆ, ಅಮೋನಿಯಂ ಕ್ಲೋರೈಡಿನ ಉಪಯೋಗಗಳನ್ನು ಒಂದೇ ಪ್ರಯಾಣದಲ್ಲಿ ನಾಲ್ಕು ಸಲ ಶುರು ಮಾಡಿದ್ದುಂಟು. ಕೊನೆಗೆ ಕಂಡಕ್ಟರನಿಗೇ ಬಾಯಿಪಾಠವಾಯಿತು. "ಡ್ರೈ ಸೆಲ್ ಆತು, ಡೈಯಿಂಗ್ ಆತು, ಮುಂದ ಟಿನ್ನಿಂಗ್ ಆಫ್ ಮೆಟಲ್ಸ್ ಐತಿ ನೋಡವಾ" ಎಂದು ಅವನೇ ಎತ್ತಿಕೊಡುತ್ತಿದ್ದ.

ನಾನೊಬ್ಬಳೇ ಹೀಗೆ ಎಂದುಕೊಳ್ಳಬೇಡಿ. ಗದಗ ಆಗಷ್ಟೇ ಹೊಸ ಜಿಲ್ಲೆಯಾಗಿತ್ತು. ಆದರೂ ವಿಳಾಸ ಬರೆಯಲು ಕೂತರೆ ಊರಿಗೆ ಊರೇ 'ಜಿಲ್ಲಾ: ಧಾರವಾಡ' ಎಂದು ಬರೆದು, ಹೊಡೆದು ಹಾಕಿ, ಮತ್ತೆ ಬರೆಯುತ್ತಿತ್ತು. ಹುಲಕೋಟಿಯಿಂದ ಬರುತ್ತಿದ್ದ ನನ್ನ ಗೆಳತಿಯಂತೂ ಲ್ಯಾಬಿನಲ್ಲಿ ಬರ್ನರ್ ಹಚ್ಚುವ ಮೊದಲೇ 'ಬಿಳಿ ಹೊಗೆ ಕಾಣಿಸಿತು' ಎಂದು ಬರೆದು ಮುಗಿಸುತ್ತಿದ್ದಳು.

ಅವಳು ನಪಾಸಾದರೂ ಏನೂ ಆಗುತ್ತಿರಲಿಲ್ಲ. ನಪಾಸಾಗುವ ಅನುಕೂಲ ಇಲ್ಲದವಳು ನಾನು. ಶಿರಹಟ್ಟಿಯ ಮಾಮೂ, ಅಂದರೆ ನಮ್ಮ ಅಮ್ಮಿಯ ಅಣ್ಣ, ನನಗೊಂದು ಗಂಡು ನೋಡಿಟ್ಟುಕೊಂಡು ಕಾಯುತ್ತಿದ್ದರು. ಹುಡುಗನದು ಸ್ಟೀಲ್ ಪಾತ್ರೆಗಳ ಅಂಗಡಿ. ನಮ್ಮ ಅಬ್ಬಾನದು ಕಲಾಯಿ ಕೆಲಸ: ತಾಮ್ರ, ಹಿತ್ತಾಳೆ ಪಾತ್ರೆಗಳ ಒಳಗೆ ತವರ ಸವರಿ ಬೆಳ್ಳಗೆ ಮಾಡಿಕೊಡುವುದು. ಸ್ಟೀಲ್ ಬಂದ ಮೇಲೆ ಅಬ್ಬಾನ ಮುಂದಿನ ಪಾತ್ರೆಗಳ ಸಾಲು ವರ್ಷವರ್ಷಕ್ಕೂ ಗಿಡ್ಡವಾಗುತ್ತಿತ್ತು.

"ನಮ್ಮ ಹೊಟ್ಟಿ ಮ್ಯಾಲೆ ಹೊಡದವರ ಮನಿಗೆ ಮಗಳನ್ನ ಕೊಡ್ಲ್ಯಾ?" ಎಂದು ಅಬ್ಬಾ ಹಾರಾಡಿದರು. ಮನೆಯಲ್ಲಿ ನಾವು ಆಡುವುದು ಉರ್ದು. ಆದರೆ ಗಿರಾಕಿಗಳ ಜೊತೆ ಜಗಳಾಡಿದ ರೂಢಿಯೋ ಏನೋ, ಅಬ್ಬಾಗೆ ಸಿಟ್ಟು ಬಂದರೂ ಹಿಗ್ಗು ಬಂದರೂ ಕನ್ನಡವೇ ಬರುತ್ತಿತ್ತು. ಮಾಮೂ ಕೂಡ ಸುಮ್ಮನಿರುವವರಲ್ಲ. ಕೊನೆಗೆ ಒಪ್ಪಂದವಾಯಿತು: ಪಾಸಾದರೆ ಡಿಗ್ರಿ, ನಪಾಸಾದರೆ ಸ್ಟೀಲ್ ಅಂಗಡಿ.

ಇನ್ನೊಂದು ಮಾತು ಹೇಳದಿದ್ದರೆ ಸುಳ್ಳು ಹೇಳಿದಂತಾಗುತ್ತದೆ. ಕಾಲೇಜಿನ ಅರ್ಜಿಯಲ್ಲಿ 'ತಂದೆಯ ಉದ್ಯೋಗ' ಎಂಬಲ್ಲಿ ನಾನು 'ವ್ಯಾಪಾರ' ಎಂದು ಬರೆದಿದ್ದೆ. ಸಹಿ ಮಾಡುವ ಮೊದಲು ಅಬ್ಬಾ ಓದಿ ಹೇಳೆಂದರು, ಓದಿದೆ. ಸಹಿ ಮಾಡಿ ಪೆನ್ನು ವಾಪಸು ಕೊಟ್ಟರು. ಕಲಾಯಿ ಎಂದು ಬರೆಯಲು ನನಗೆ ನಾಚಿಕೆಯಾಗಿತ್ತು. ಹುಲಕೋಟಿಯ ಗೆಳತಿಗೂ ವ್ಯಾಪಾರ ಎಂದೇ ಹೇಳಿದ್ದೆ.

ದ್ವಿತೀಯ ವರ್ಷದ ಪ್ರಾಕ್ಟಿಕಲ್ ಪರೀಕ್ಷೆ ಬಂತು. ಥಿಯರಿಯ ಮೇಲೆ ನನಗೆ ಭರವಸೆ ಇರಲಿಲ್ಲ, ಇಲ್ಲಿಯ ಅಂಕಗಳೇ ನನ್ನನ್ನು ದಡ ಸೇರಿಸಬೇಕಿತ್ತು. ಕೊಟ್ಟ ಬಿಳಿ ಪುಡಿ ಯಾವುದೆಂದು ಕಂಡುಹಿಡಿಯಬೇಕು. ಪರೀಕ್ಷಕರು ಬೇರೆ ಊರಿನವರು. ಮೇಜಿನಿಂದ ಮೇಜಿಗೆ ಬರುತ್ತ ನನ್ನೆದುರು ನಿಂತರು ನೋಡಿ, ಬಾಯಿಪಾಠವೆಲ್ಲ ಗಾಳಿಗೆ ಹೋಯಿತು. ಮೊದಲ ಶಬ್ದವೇ ನೆನಪಾಗಲಿಲ್ಲ. ಕೈ ಮಾತ್ರ ರೂಢಿಯಂತೆ ಪುಡಿಯನ್ನು ನಳಿಕೆಗೆ ಹಾಕಿ ಬೆಂಕಿಗೆ ಹಿಡಿಯಿತು.

ದಟ್ಟವಾದ ಬಿಳಿ ಹೊಗೆ ಎದ್ದಿತು. ಮೂಗಿಗೆ ಕಟುವಾದ ವಾಸನೆ ಬಡಿಯಿತು. ನಮ್ಮ ಮನೆಯ ಮುಂದೆ ಅಬ್ಬಾ ಕಲಾಯಿ ಹಾಕುವಾಗಿನ ವಾಸನೆ!

"ನವಸಾಗರ!" ಎಂದು ಕೂಗಿಬಿಟ್ಟೆ.

ಇಡೀ ಲ್ಯಾಬು ತಿರುಗಿ ನೋಡಿತು. "ಏನಂದಿ?" ಎಂದರು ಪರೀಕ್ಷಕರು. ಹೆದರಿಕೆಗೆ ಬಾಯಿಪಾಠ ಹೊರಬಂತು: "ಅಮೋನಿಯಂ ಕ್ಲೋರೈಡ್ ಸರ್. ಯೂಸ್ಡ್ ಇನ್ ಡ್ರೈ ಸೆಲ್ಸ್, ಇನ್ ಡೈಯಿಂಗ್, ಆ್ಯಂಡ್ ಇನ್ ಟಿನ್ನಿಂಗ್ ಆಫ್ ಮೆಟಲ್ಸ್."

"ಟಿನ್ನಿಂಗ್ ಅಂದ್ರೇನವಾ?"

ಎರಡು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. "ಟಿನ್ನಿನಾಗ ತುಂಬೂದು ರೀ ಸರ್."

"ಏನ ತುಂಬೂದು?"

"ಬಿಸ್ಕೀಟ್ ರೀ."

ಹುಲಕೋಟಿಯವಳು ಬಾಯಿಗೆ ಕೈ ಅಡ್ಡ ಹಿಡಿದಳು. ಪರೀಕ್ಷಕರು ನಗಲಿಲ್ಲ. "ಹಂಗಾರ ನವಸಾಗರ ನಿನಗ ಹೆಂಗ ಗೊತ್ತು?"

ಸ್ಟೀಲ್ ಅಂಗಡಿ ಕಣ್ಣಮುಂದೆ ಬಂತು. ಅರ್ಜಿಯೂ ಬಂತು. "ನಮ್ಮ ಅಬ್ಬಾ ಕಲಾಯಿ ಮಾಡ್ತಾರ್ರಿ" ಎಂದೆ, ಗೆಳತಿಯ ಕಡೆ ನೋಡದೆ.

ಆಮೇಲೆ ಅವರು ಕೇಳುತ್ತ ಹೋದರು, ನಾನು ಹೇಳುತ್ತ ಹೋದೆ. ಪಾತ್ರೆ ಎಷ್ಟು ಕಾಯಬೇಕು, ನವಸಾಗರ ಯಾವಾಗ ಉದುರಿಸಬೇಕು, ಅರಳೆಯಿಂದ ಹೇಗೆ ತಿಕ್ಕಬೇಕು. ನವಸಾಗರ ಹಾಕದಿದ್ದರೆ? "ತವರ ಹತ್ತಂಗಿಲ್ರೀ. ನವಸಾಗರ ಮೊದಲ ಹೊಲಸು ತಿಂತೈತಿ, ಆಮ್ಯಾಲ ತವರ ಕುಂಡ್ರತೈತಿ ಅಂತಾರ ಅಬ್ಬಾ." ಅವರು ನಡುನಡುವೆ ಬಾಯಿ ಹಾಕಿದರೂ ಒಂದು ಸಲವೂ ನಾನು ಮೊದಲಿನಿಂದ ಶುರು ಮಾಡಲಿಲ್ಲ. ಅದು ನನಗೇ ಸೋಜಿಗವಾಯಿತು.

"ಖರೇನ ಹೇಳ್ಯಾರ. ಕಾದ ಕೂಡ್ಲೆ ಅದು ಆಸಿಡ್ ಬಿಡತೈತಿ, ಆಸಿಡ್ ಆಕ್ಸೈಡ್ ತಿಂತೈತಿ" ಎಂದು ಪರೀಕ್ಷಕರು ನನ್ನ ಹಾಳೆಯ ಮೇಲೆ ಏನೋ ಬರೆದರು. "ತಂಗಿ, ನಿಮ್ಮ ಕಲಾಯಿಗೆ ಇಂಗ್ಲೀಷಿನಾಗ ಟಿನ್ನಿಂಗ್ ಅಂತಾರ."

ಸಂಜೆ ಅಬ್ಬಾಗೆ ಎಲ್ಲವನ್ನೂ ಹೇಳಿದೆ, ಬಿಸ್ಕೀಟನ್ನು ಬಿಟ್ಟು. "ನಾ ಮಾಡೂದು ಪುಸ್ತಕದಾಗ ಐತೇನು?" ಎಂದು ಅವರು ಎರಡು ಸಲ ಕೇಳಿದರು. ತೋರಿಸಿದೆ. ಇಂಗ್ಲಿಷ್ ಬಾರದವರು ಆ ಸಾಲಿನ ಮೇಲೆ ಬೆರಳಿಟ್ಟು ಕೊನೆಯವರೆಗೂ ಎಳೆದರು. ಇದ್ದಿಲಿನ ಗುರುತು ಪುಟದ ಮೇಲೆ ಉಳಿಯಿತು.

ಮರುವಾರ ಅಡರಕಟ್ಟಿಯಿಂದ ಹಂಡೆ ತಂದಿದ್ದ ಅಜ್ಜಿಯ ಮುಂದೆ ಅಬ್ಬಾ ನವಸಾಗರದ ಪುಡಿ ಎತ್ತಿ ಹಿಡಿದು, "ಇದು ಅಮೋನಿ ಕುಲೋರೈಡ್ ಐತಿ ಅಮ್ಮಾ" ಎಂದರು.

"ಹಂಗಂದ್ರೇನೋ?"

"ಅದೆಲ್ಲಾ ಕೇಳಬ್ಯಾಡ್ರಿ. ಬಾಯಿಪಾಠ ಮಾಡೇನಿ."

ಪಾಸಾದೆ. ಥಿಯರಿಯಲ್ಲಿ ಅಷ್ಟಕ್ಕಷ್ಟೇ, ಪ್ರಾಕ್ಟಿಕಲ್‌ನಲ್ಲಿ ಕೈತುಂಬ. ಮಾಮೂ ಒಂದು ತಿಂಗಳು ನಮ್ಮ ಮನೆಗೆ ಬರಲಿಲ್ಲ. ಡಿಗ್ರಿಯ ಅರ್ಜಿ ತುಂಬುವಾಗ ಅಬ್ಬಾ ಸಹಿಗೆ ಕೂತು, ಎಂದಿನಂತೆ ಓದಿ ಹೇಳೆಂದರು. ಜಿಲ್ಲೆ, ತಾಲ್ಲೂಕು ಓದಿ, "ತಂದೆಯ ಉದ್ಯೋಗ: ಕಲಾಯಿ" ಎಂದು ತುಸು ಗಟ್ಟಿಯಾಗಿಯೇ ಓದಿದೆ.

ಅಬ್ಬಾ ಪೆನ್ನು ಕೆಳಗಿಟ್ಟರು. ಎರಡು ವರ್ಷದ ಹಿಂದಿನ ಆ 'ವ್ಯಾಪಾರ' ಅವರು ಮರೆತಿರಲಿಲ್ಲ ಎಂದು ಆಗ ಗೊತ್ತಾಯಿತು. ಅಬ್ಬಾ ಕೆಮ್ಮಿ ದನಿ ಸರಿಮಾಡಿಕೊಂಡು ಹೇಳಿದರು:

"ಟಿನ್ನಿಂಗ್ ಅಂತ ಬರಿ ಬೇಟಾ. ಕಲಾಯಿ ಅಂದ್ರ ಕಲತವರಿಗೆ ತಿಳಿಯಂಗಿಲ್ಲ."