ಬ್ರಷ್ ಮರದ ಕಂಡಕ್ಟರು

ನೀಲಗಿರಿಯ ಸೋಲೂರಿನಿಂದ ಊಟಿಗೆ ಹೋಗುವ ನಮ್ಮ ಬಸ್ಸಿನ ಕಂಡಕ್ಟರಿಗೆ ದಾರಿಬದಿಯ ಒಂದು ಮರವೆಂದರೆ ಪ್ರಾಣ. ಬಾಟಲಿ ತೊಳೆಯುವ ಬ್ರಷ್ಷಿನಂಥ ಕೆಂಪು ಹೂಗಳು ಅದರ ತುಂಬ ಜೋತಾಡುತ್ತಿದ್ದವು. "ಬ್ರಷ್ ಮರ! ಇಳಿಯೋರು ಇಳೀರಿ, ಉಳಿದೋರು ನೋಡಿ!" ಎಂದು ದಿನವೂ ಬಾಗಿಲು ಬಡಿದು ಕೂಗುತ್ತಿದ್ದರು.

ಒಂದು ಬೆಳಿಗ್ಗೆ ರಸ್ತೆ ಅಗಲ ಮಾಡುವವರು ಮರಕ್ಕೆ ಗರಗಸ ಹಚ್ಚುವುದರಲ್ಲಿದ್ದರು. ಕಂಡಕ್ಟರು ಸೀಟಿ ಊದಿ ಬಸ್ ನಿಲ್ಲಿಸಿ, ಹೋಗಿ ಮರಕ್ಕೆ ಒರಗಿ ನಿಂತರು.

"ಅಣ್ಣಾ, ಬಸ್ ಹೊರಡಲಿ" ಎಂದ ಮೇಸ್ತ್ರಿ.

"ಮರ ಉಳಿದರೆ ಹೊರಡುತ್ತೆ."

ಡ್ರೈವರು ಇಂಜಿನ್ ಆರಿಸಿದರು. ಕೆಲಸಕ್ಕೆ ತಡವಾಗುತ್ತಿದ್ದರೂ ನಾವೆಲ್ಲ ಇಳಿದು ಅವರ ಪಕ್ಕ ನಿಂತೆವು. ಕೊನೆಗೆ ಮೇಸ್ತ್ರಿ ನಕ್ಕು, ರಸ್ತೆಗೆ ಬಾಗಿದ್ದ ಒಂದೇ ಕೊಂಬೆ ಕಡಿಸಿ ಸುಮ್ಮನಾದ.

ಆ ಕೊಂಬೆಯ ಹೂಗಳನ್ನು ಕಂಡಕ್ಟರು ಸೀಟು ಸೀಟಿಗೂ ಹಂಚಿದರು. ಅಂದು ಊಟಿಯಲ್ಲಿ ನಾವು ಇಳಿದಾಗ ಬಸ್ ಸ್ಟ್ಯಾಂಡಿನವರೆಲ್ಲ, ಯಾವ ಮದುವೆ ದಿಬ್ಬಣ ಬಂತೋ ಎಂದು ತಿರುಗಿ ನೋಡಿದರು.